ಹತ್ತು ಗಂಟೆಯ ಡಂಗುರ

ಅರ್ಜಿ ತಿರಸ್ಕರಿಸಿ ತಾಲ್ಲೂಕು ಕಚೇರಿಯವರು ಕೊಟ್ಟ ಹಿಂಬರಹದಲ್ಲಿ ಸಂಘಮಿತ್ರಾ ಬರೆದ ವಾಕ್ಯವೇ ಇತ್ತು.

ಮೊದಲ ಸಲ ಓದಿದಾಗ ಗುರುತು ಹತ್ತಲಿಲ್ಲ. ಟೈಪು ಮಾಡಿದ ಮೇಲೆ ಯಾರ ಮಾತೂ ಯಾರದೂ ಆಗಿ ಉಳಿಯುವುದಿಲ್ಲ. ಎರಡನೆಯ ಸಲ ಓದಿದಾಗ ಹತ್ತಿತು. ‘ಸದರಿ ದಿನ ಬೆಳಿಗ್ಗೆ ಹತ್ತು ಗಂಟೆಗೆ ನದಿ ಪಾತ್ರದುದ್ದಕ್ಕೂ ಡಂಗುರ ಸಾರಿ ಸಮಸ್ತ ಗ್ರಾಮಸ್ಥರಿಗೆ ಮುನ್ನೆಚ್ಚರಿಕೆ ನೀಡಲಾಗಿದ್ದು, ಯಾವುದೇ ಅನಾಹುತ ಸಂಭವಿಸಿರುವುದಿಲ್ಲ.’ ಅದರ ಕೆಳಗೆ ಕಚೇರಿಯವರು ತಮ್ಮ ಮಾತು ಸೇರಿಸಿದ್ದರು. ಡಂಗುರದ ಕೆಲಸ ಹತ್ತು ಗಂಟೆಗೇ ಮುಗಿದಿತ್ತು. ಆದ್ದರಿಂದ ಮಧ್ಯಾಹ್ನ ಮೂರೂವರೆಗೆ ನದಿಯಲ್ಲಿ ಮುಳುಗಿದ ಗ್ರಾಮ ಸಹಾಯಕ ದೇವಿಂದ್ರ ಸ್ವಂತ ಕೆಲಸಕ್ಕೆ ಹೋಗಿದ್ದನೆಂದೇ ತಿಳಿಯಬೇಕಾಗುತ್ತದೆ. ಕರ್ತವ್ಯದ ಮೇಲೆ ಮೃತನಾದನೆಂದು ಪರಿಗಣಿಸಲು ಅವಕಾಶವಿಲ್ಲ.

ದೇವಿಂದ್ರ ಅವಳ ಗಂಡ. ಸತ್ತು ಒಂಬತ್ತು ತಿಂಗಳಾಗಿತ್ತು. ಅವಳು ಕೇಳಿದ್ದು ಒಂದೇ. ಅವನು ಕೆಲಸದ ಮೇಲೆ ಸತ್ತನೆಂದು ಸರ್ಕಾರದ ಕಾಗದದಲ್ಲಿ ಒಂದು ಸಾಲು ಬರಲಿ. ಆ ಸಾಲು ಬಂದರೆ ಅನುಕಂಪದ ಮೇಲೆ ಒಂದು ಗುಮಾಸ್ತೆ ನೌಕರಿ ಕೇಳಲು ದಾರಿಯಾಗುತ್ತಿತ್ತು. ಬಾರದಿದ್ದರೆ ಅವನು ಕುಡಿದು ಹೊಳೆಗೆ ಬಿದ್ದವರ ಸಾಲಿಗೆ ಸೇರುತ್ತಿದ್ದ. ಅವನು ಕುಡಿಯುತ್ತಿರಲಿಲ್ಲ.

ಕಾಗದ ಕೊಟ್ಟ ಗುಮಾಸ್ತೆ, ‘ಓದಾಕ ಬರ್ತದೇನವಾ, ಇಲ್ಲಾ ನಾನೇ ಓದಿ ಹೇಳ್ಲಾ?’ ಎಂದು ಕೇಳಿದ್ದ. ಬರುತ್ತದೆ ಎಂದಳು. ಮುಟ್ಟಿದ್ದಕ್ಕೆ ಗುರುತು ಹಾಕಲು ಅವನು ಇಂಕಿನ ಪ್ಯಾಡು ಸರಿಸಿದ್ದ. ಅದನ್ನು ಪಕ್ಕಕ್ಕೆ ತಳ್ಳಿ ಸಹಿ ಹಾಕಿ ಹೊರಗೆ ಬಂದಳು. ಅಳು ಬರಲಿಲ್ಲ. ಅದು ಬರುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಕೃಷ್ಣೆಯ ದಂಡೆಯಲ್ಲಿ, ತಿಂಥಣಿಗಿಂತ ಮೇಲಕ್ಕೆ, ಹೊಳಿಕಟ್ಟಿ ಎಂಬ ಊರು. ಕೇರಿಯ ಕೊನೆಯ ಮನೆಯ ಗೂಟಕ್ಕೆ ಮೂರು ತಲೆಮಾರಿನಿಂದ ಡಂಗುರ ಹೊಡೆಯುವ ಚರ್ಮದ ಹಲಗೆಯೊಂದು ತೂಗಿಕೊಂಡಿತ್ತು. ಅಜ್ಜ ಬಾರಿಸಿದ. ಮಾವ ಹುಲಗಪ್ಪ ಬಾರಿಸಿದ. ಆಮೇಲೆ ದೇವಿಂದ್ರ. ಊರಿನವರು ವಾಲೀಕಾರ ಎನ್ನುತ್ತಿದ್ದರು. ಕಾಗದದಲ್ಲಿ ಗ್ರಾಮ ಸಹಾಯಕ. ಕೆಲಸಕ್ಕೆ ಇಂಥ ಹೊತ್ತು ಎಂದಿರಲಿಲ್ಲ. ನೋಟಿಸು ಮುಟ್ಟಿಸಬೇಕು. ಅಳತೆಯವರ ಸರಪಳಿ ಎಳೆಯಬೇಕು. ಹೊಳೆಯಲ್ಲಿ ತೇಲಿ ಬಂದ ಹೆಣದ ಪಕ್ಕ ಪೊಲೀಸರು ಬರುವತನಕ ಕೂರಬೇಕು. ಸಾಹೇಬರ ಜೀಪು ತೊಳೆಯಬೇಕು. ಕೊಡುವುದಕ್ಕೆ ಸಂಬಳ ಎನ್ನುವಂತಿಲ್ಲ, ಗೌರವಧನ ಎನ್ನಬೇಕು. ಆ ಗೌರವ ಹೇಗಿತ್ತೆಂದರೆ, ಗೌಡರ ವಾಡೆ ಬಂದ ಕೂಡಲೆ ಹಲಗೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ, ಆ ಕಡೆ ಹೋಗಿ ಮತ್ತೆ ಬಾರಿಸಬೇಕಿತ್ತು.

ಸಂಘಮಿತ್ರಾ ಕಲಬುರಗಿಯಲ್ಲಿ ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಮಾಡಿದವಳು. ಮೊದಲ ದರ್ಜೆ. ನೌಕರಿಯ ಪರೀಕ್ಷೆ ಬರೆಯಲು ಯಾದಗಿರಿಗೆ ನಾಲ್ಕು ಸಲ ಹೋಗಿ ಬಂದಿದ್ದಳು. ಒಂದು ಪರೀಕ್ಷೆ ರದ್ದಾಯಿತು. ಒಂದರ ಪಟ್ಟಿ ಕೋರ್ಟಿನಲ್ಲಿ ಕುಳಿತಿತು. ಇನ್ನೆರಡರಲ್ಲಿ ಅವಳೇ ಹಿಂದೆ ಬಿದ್ದಳು, ಅದನ್ನು ಮುಚ್ಚಿಡುತ್ತಿರಲಿಲ್ಲ. ದೇವಿಂದ್ರ ಓದಿದ್ದು ಪಿಯುಸಿ. ‘ನಮ್ಮ ಮನ್ಯಾಗ ಒಬ್ರರೆ ಕುರ್ಚಿ ಮ್ಯಾಲ ಕೂಡ್ರಬೇಕು. ನಾ ನಿಂತು ನಿಂತು ಸಾಕಾಗ್ಯಾದ’ ಎನ್ನುತ್ತಿದ್ದ. ಅವಳು ಓದಲಿ ಎಂದು ಬೆಳಿಗ್ಗೆ ನೀರು ತಾನೇ ತರುತ್ತಿದ್ದ. ಗಂಡಸು ಕೊಡ ಹೊರುತ್ತಾನೆಂದು ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಡಂಗುರ ಸಾರಿದ ಮೇಲೆ ಪಂಚನಾಮೆ ಬರೆಯಬೇಕು. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಸಂಗತಿ ಊರಿಗೆಲ್ಲ ತಿಳಿಸಿದ್ದಾಗಿದೆ ಎಂದು ಐದು ಜನ ಪಂಚರು ಸಹಿ ಮಾಡಿದ ಕಾಗದ. ನಿಯಮ ಹಾಗೆ. ನಡೆಯುತ್ತಿದ್ದುದು ಬೇರೆ. ಮೇಲಿನವರು ಕಾಗದಕ್ಕೆ ಅವಸರ ಮಾಡುತ್ತಾರೆಂದು ಗ್ರಾಮ ಆಡಳಿತ ಅಧಿಕಾರಿ ಮಹೇಶಕುಮಾರ ಅದನ್ನು ಹಿಂದಿನ ದಿನವೇ ತರಿಸಿ ಇಟ್ಟುಕೊಳ್ಳುತ್ತಿದ್ದ. ಮೊದಲು ಕಾಗದ, ಆಮೇಲೆ ಡಂಗುರ. ಪಂಚರು ಖಾಲಿ ಹಾಳೆಯ ಕೆಳಗೆ ಸಹಿ ಮಾಡಿ ಕಳಿಸುತ್ತಿದ್ದರು. ಮೇಲಿನ ಜಾಗವನ್ನು ಸಂಘಮಿತ್ರಾ ತುಂಬುತ್ತಿದ್ದಳು.

ಮಹೇಶಕುಮಾರ ಅವಳ ಜೊತೆ ಎಂ.ಎ. ಓದಿದವನು. ಅವಳ ನೋಟ್ಸಿನ ಜೆರಾಕ್ಸ್ ಮಾಡಿಸಿಕೊಂಡು ಪಾಸಾದವನು. ಆಗ ಅವನು ಮಹೇಶ. ಈಗ ಅವಳು ಸರ್ ಎನ್ನುತ್ತಿದ್ದಳು. ಅವಳ ಅಕ್ಷರ ಬಂಗಾರದಂಥವು ಎಂದು ದೇವಿಂದ್ರನ ಕೈಯಲ್ಲಿ ಹೇಳಿ ಕಳಿಸುತ್ತಿದ್ದ. ಬರೆದದ್ದನ್ನು ಓದದೆಯೇ ಕೆಳಗೆ ಸಹಿ ಹಾಕುತ್ತಿದ್ದ; ಅವಳು ತಪ್ಪು ಬರೆಯುವುದಿಲ್ಲವೆಂಬ ನಂಬಿಕೆ. ಅವಳಿಗೂ ಅದು ಖುಷಿಯ ಕೆಲಸವಾಗಿತ್ತು. ಸದರಿ, ಸಮಸ್ತ, ಮುನ್ನೆಚ್ಚರಿಕೆ. ಓದಿದ್ದು ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬಂತಲ್ಲ. ‘ಯಾವುದೇ ಅನಾಹುತ ಸಂಭವಿಸಿರುವುದಿಲ್ಲ’ ಎಂಬ ಆ ಕೊನೆಯ ಮಾತನ್ನು ಯಾರೂ ಹೇಳಿ ಬರೆಸಿದ್ದಲ್ಲ. ವಾಕ್ಯ ತುಂಬಿ ಬರಲಿ ಎಂದು ಅವಳೇ ಸೇರಿಸಿದ್ದು.

ಡ್ಯಾಮಿನಿಂದ ನೀರು ಬಿಡುತ್ತಾರೆಂದು ಆ ದಿನದ ಕಾಗದವೂ ಹಿಂದಿನ ದಿನವೇ ಹೋಗಿತ್ತು. ಆದರೆ ಹತ್ತು ಗಂಟೆಗೆ ದೇವಿಂದ್ರ ಊರಲ್ಲೇ ಇರಲಿಲ್ಲ. ಕಚೇರಿಯ ಸಾಹೇಬರ ಮನೆಯ ಮಾಳಿಗೆಯ ಮೇಲೆ ನೀರಿನ ಟಾಕಿಯೊಳಗೆ ಇಳಿದು ಪಾಚಿ ಕೆರೆಯುತ್ತಿದ್ದ. ಎರಡೂವರೆಗೆ ಬಸ್ಸಿಳಿದ. ಅಂಗಿ ಇನ್ನೂ ಒಣಗಿರಲಿಲ್ಲ. ಡ್ಯಾಮಿನ ಗೇಟು ತೆಗೆದಿದ್ದಾರೆಂದು ಫೋನು ಬಂದದ್ದು ಆಗ. ಉಣ್ಣಲಿಲ್ಲ. ಹಲಗೆ ತಗಲಿಸಿಕೊಂಡು ಹೊರಟ. ಮಳೆ ಹನಿಯುತ್ತಿತ್ತು. ಚರ್ಮ ಸಡಿಲಾಗಿತ್ತು. ಬೆಂಕಿಗೆ ಕಾಯಿಸಿ ಬಿಗಿ ಮಾಡಲು ಹೊತ್ತಿರಲಿಲ್ಲ. ಬಡಿದರೆ ಹಸಿ ಚೀಲ ಬಡಿದ ಹಾಗೆ ಸದ್ದು. ಊರೊಳಗೆ ಬಾಯಿಂದಲೇ ಕೂಗಿ ಮುಗಿಸಿದ. ಹೊಳೆಯ ಪಾತ್ರದಲ್ಲಿ ಇಳಿದವರಿಗೆ ಆ ಕೂಗು ಮುಟ್ಟುವಂತಿರಲಿಲ್ಲ. ಅಲ್ಲಿ ಊರಿನ ರೈತ ಸೂಗಪ್ಪ ಮತ್ತು ಅವನ ಇಬ್ಬರು ತಮ್ಮಂದಿರು ಹಗ್ಗ ಕಟ್ಟಿ ತಮ್ಮ ನೀರೆತ್ತುವ ಮೋಟಾರು ಮೇಲೆಳೆಯುತ್ತಿದ್ದರು. ದೇವಿಂದ್ರ ಇಳಿದು ಹೋದ. ಅವರು ಮೂವರೂ ಹತ್ತಿ ಬಂದರು. ಅವನು ಬರಲಿಲ್ಲ.

ಮೂರನೆಯ ದಿನ ತಿಂಥಣಿ ಸೇತುವೆಯ ಕೆಳಗೆ ಜಾಲಿಯ ಮುಳ್ಳುಕಂಟಿಯಲ್ಲಿ ಸಿಕ್ಕ. ಪಟ್ಟಿ ಸಮೇತ ಹಲಗೆ ಹೆಗಲಲ್ಲೇ ಇತ್ತು. ಸ್ವಂತ ಕೆಲಸಕ್ಕೆ ಹೋದವನು ಹಲಗೆ ಹಾಕಿಕೊಂಡು ಹೋಗುತ್ತಾನೆಯೇ ಎಂದು ಅವಳು ಕಚೇರಿಯಲ್ಲಿ ಕೇಳಿದ್ದಳು. ಹಲಗೆಯ ಸಂಗತಿ ಕಾಗದದಲ್ಲಿಲ್ಲ ಎಂದರು.

ಹಿಂಬರಹ ಬಂದ ಮರುದಿನ ಅವಳು ಸೂಗಪ್ಪನ ಮನೆಗೆ ಹೋದಳು. ಅಂಗಳದಲ್ಲೇ ನಿಂತಳು. ಸೂಗಪ್ಪನ ಹೆಂಡತಿ ಕಿಟಕಿಯ ಸಂದಿಯಲ್ಲಿ ಕವುಚಿ ಇಟ್ಟಿದ್ದ ಗ್ಲಾಸು ತೊಳೆದು ನೀರು ಕೊಟ್ಟಳು. ಅದು ಕೇರಿಯವರ ಗ್ಲಾಸು. ಅವಳು ಕುಡಿಯಲಿಲ್ಲ. ಮೂರು ಗಂಟೆಗೆ ದೇವಿಂದ್ರ ಬಂದು ಕೂಗಿದ್ದನ್ನು ಬರೆದುಕೊಡಿರೆಂದು ಕೇಳಿದಳು. ಒಂದು ಸಾಲು ಸಾಕು.

ಸೂಗಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಕೆಟ್ಟ ಮನುಷ್ಯನಲ್ಲ. ಹೆಣ ಸಿಕ್ಕ ದಿನ ಕೇರಿಯ ತನಕ ಬಂದು ಅತ್ತಿದ್ದ. ಆದರೆ ಪಂಚನಾಮೆಯಲ್ಲಿ ಮೊದಲ ಸಹಿ ಅವನದೇ. ಹತ್ತು ಗಂಟೆಗೆ ಡಂಗುರ ಕೇಳಿದ್ದೇನೆಂದು ಸಹಿ ಮಾಡಿದವನು ಮೂರು ಗಂಟೆಗೆ ಕೇಳಿದೆನೆಂದು ಹೇಗೆ ಬರೆಯಬೇಕು? ಬರೆದರೂ, ಮೂರು ಗಂಟೆಗೆ ಹೊಳೆಯೊಳಗೆ ನಿನಗೇನು ಕೆಲಸ ಎಂದು ಕೇಳುತ್ತಾರೆ. ಮೋಟಾರಿಗೆ ಪರವಾನಗಿ ಇರಲಿಲ್ಲ. ಕರೆಂಟು ಕಳ್ಳ ಕರೆಂಟು.

‘ನಿನ್ನ ಗಂಡ ನನ್ನ ಪಾಲಿಗೆ ದೇವ್ರಾದ ತಂಗಿ’ ಎಂದ. ‘ಖರೇ ಹೇಳ್ತೀನಿ. ಆದ್ರ ದೇವ್ರ ಸಲುವಾಗಿ ಮೋಟಾರ ಕಳಕೊಳ್ಳಾಕ ಆಗಂಗಿಲ್ಲ.’

ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಅವಳು ಬಂದಳು.

ವಾರ ಕಳೆದು ಮಹೇಶಕುಮಾರ ಕೇರಿಗೆ ಬಂದ. ಬೈಕಿನಿಂದ ಇಳಿಯಲಿಲ್ಲ, ಎಂಜಿನನ್ನೂ ನಿಲ್ಲಿಸಲಿಲ್ಲ.

‘ಅದು ಮುಗೀತು ಸಂಘಮಿತ್ರಾ. ಬೆನ್ನ ಹತ್ತಬ್ಯಾಡ. ದೇವಿಂದ್ರನ ಜಾಗಾ ನಿನಗ ಕೊಡಸ್ತೀನಿ. ಸಾಹೇಬ್ರು ಒಪ್ಯಾರ. ಒಂದು ಮುಚ್ಚಳಿಕಿ ಬರದ ಕೊಡು, ಸಾಕು.’

ಏನೆಂದು ಬರೆಯಬೇಕು ಎಂದು ಕೇಳಿದಳು.

‘ಗಂಡ ಸ್ವಂತ ಕೆಲಸಕ್ಕ ಹೊಳಿಗಿ ಹೋಗಿದ್ದ, ಇನ್ನ ಯಾವ ತಕರಾರೂ ಮಾಡಂಗಿಲ್ಲ ಅಂತ. ನಿನಗ ನಾ ಹೇಳಿಕೊಡಬೇಕೇನು?’

ಮುಂದಿನ ಸೋಮವಾರ ಶಹಾಪುರದಲ್ಲಿ ಸರ್ಕಾರಿ ನೌಕರಿಯ ಬಗ್ಗೆ ಹುಡುಗರಿಗೆ ಮಾರ್ಗದರ್ಶನ ಶಿಬಿರವಿತ್ತು. ಸಾಹೇಬರು ಬರುತ್ತಾರೆ, ವೇದಿಕೆಯ ಮೇಲೆಯೇ ಆದೇಶ ಕೊಡುತ್ತಾರೆ, ಫೋಟೊ ಬರುತ್ತದೆ, ಬಂದುಬಿಡು ಎಂದು ಹೇಳಿ ಬೈಕು ತಿರುಗಿಸಿದ.

ಅತ್ತೆ ತಿಮ್ಮವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹಿಟ್ಟು ನಾದುತ್ತಲೇ ಹೇಳಿದಳು. ‘ಬರದ ಕೊಡವಾ. ಸತ್ತಾಂವ ಸತ್ತ. ಇದ್ದವರು ಉಣಬೇಕಲ್ಲ.’ ಮಾವ ಗೂಟದ ಮೇಲಿನ ಹಲಗೆ ನೋಡುತ್ತ ಕುಳಿತ.

ಶಹಾಪುರದ ಕಲ್ಯಾಣ ಮಂಟಪದಲ್ಲಿ ಮೂರು ತಾಲ್ಲೂಕಿನ ಹುಡುಗ ಹುಡುಗಿಯರು ತುಂಬಿದ್ದರು. ಎಲ್ಲರ ತೊಡೆಯ ಮೇಲೆ ಹೊಸ ನೋಟುಬುಕ್ಕು. ಸಂಘಮಿತ್ರಾ ಕೊನೆಯ ಸಾಲಿನಲ್ಲಿ ಕುಳಿತಳು. ಐದು ನಿಮಿಷವೂ ಆಗಲಿಲ್ಲ, ಒಬ್ಬ ಬಂದು, ನೀನೇ ಏನು ಹೊಸ ವಾಲೀಕಾರಳು, ವೇದಿಕೆಗೆ ನೀರು ಇಡು ಎಂದ. ಎದ್ದು ಏಳು ಗ್ಲಾಸಿಗೆ ನೀರು ತುಂಬಿ ಇಟ್ಟು ಬಂದಳು. ತಿರುಗಿ ಬರುವಾಗ ಅವಳ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರು. ಗೋಡೆಗೆ ನಿಂತಳು.

ಬೆಂಗಳೂರಿನಿಂದ ಬಂದಿದ್ದ ಉಪನ್ಯಾಸಕ ಬೋರ್ಡಿನ ಮೇಲೆ ಒಂದು ಏಣಿ ಬರೆದ. ತುದಿಯಲ್ಲಿ ಕಾರ್ಯದರ್ಶಿ. ಕೆಳಗೆ ಜಿಲ್ಲಾಧಿಕಾರಿ, ತಹಶೀಲ್ದಾರ, ಶಿರಸ್ತೇದಾರ, ಗುಮಾಸ್ತೆ, ಜವಾನ. ಯಾವ ಮೆಟ್ಟಿಲಿಗೆ ಯಾವ ಪರೀಕ್ಷೆ, ಎಷ್ಟು ವಯಸ್ಸು, ಎಷ್ಟು ಅಂಕ ಎಂದು ಹೇಳಿದ. ಚೆನ್ನಾಗಿಯೇ ಹೇಳಿದ. ಆಡಳಿತದ ಯಾವ ಕೆಲಸವೂ ಸಣ್ಣದಲ್ಲ, ಕಟ್ಟಕಡೆಯ ಮನುಷ್ಯನನ್ನು ಮುಟ್ಟುವುದೇ ಆಡಳಿತ ಎಂದ. ಈ ವಾಕ್ಯವನ್ನು ಅವಳು ಎಂ.ಎ. ಪರೀಕ್ಷೆಯಲ್ಲಿ ಬರೆದಿದ್ದಳು. ಹುಡುಗರೆಲ್ಲ ಬರೆದುಕೊಂಡರು. ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದ.

‘ಗ್ರಾಮ ಸಹಾಯಕ ಈ ಏಣಿಯಾಗ ಎಲ್ಲಿ ಬರ್ತಾನ್ರಿ?’ ಎಂದು ಸಂಘಮಿತ್ರಾ ಕೇಳಿದಳು.

ಉಪನ್ಯಾಸಕ ಬೋರ್ಡು ನೋಡಿದ. ‘ಅದು ಹುದ್ದೆ ಅಲ್ಲಮ್ಮ. ಗೌರವಧನದ ಮೇಲೆ ಮಾಡೋ ಸೇವೆ. ಇದರಲ್ಲಿ ಬರೋದಿಲ್ಲ.’

ನಡುವಿನ ಸಾಲಿನಿಂದ ಒಬ್ಬ ಕುಳಿತಲ್ಲಿಂದಲೇ ಹೇಳಿದ. ‘ಯಕ್ಕಾ, ಅಂವಾ ಕೆಳಗ ಏಣಿ ಹಿಡಕೊಂಡು ನಿಂತಾನ ನೋಡು.’

ಸಭೆ ನಕ್ಕಿತು. ಉಪನ್ಯಾಸಕನೂ ನಕ್ಕ. ಹೇಳಿದವನು ನಗಲಿಲ್ಲ.

ಪಕ್ಕದ ಕೋಣೆಯಲ್ಲಿ ಮಹೇಶಕುಮಾರ ಬಿಳಿ ಹಾಳೆ, ಪೆನ್ನು ಕೊಟ್ಟ. ಲಗೂನೆ ಬರೆ ಎಂದು ಹೇಳಿ ಬಾಗಿಲಲ್ಲಿ ನಿಂತು ಫೋನು ನೋಡತೊಡಗಿದ. ಅವಳು ಪುಟ ತುಂಬ ಬರೆದಳು. ಅಕ್ಷರ ಎಂದಿನಂತೆ ದುಂಡಗೆ ಬಂದವು. ಅವನು ಹಾಳೆ ತೆಗೆದುಕೊಂಡ. ಎಂದಿನಂತೆ ಓದಲಿಲ್ಲ. ನಾಲ್ಕು ಮಡಿಕೆ ಮಾಡಿ, ನಿನ್ನ ಕೈಯಿಂದಲೇ ಸಾಹೇಬರಿಗೆ ಕೊಡು ಎಂದು ಅವಳಿಗೇ ವಾಪಸು ಕೊಟ್ಟ.

ಮೈಕಿನಲ್ಲಿ ಅವಳ ಹೆಸರು ಕರೆದರು. ಗಂಡನನ್ನು ಕಳೆದುಕೊಂಡರೂ ಎದೆಗುಂದದೆ ಊರಿನ ಸೇವೆಗೆ ಮುಂದೆ ಬಂದ ಎಂ.ಎ. ಪದವೀಧರೆ ಎಂದರು. ಚಪ್ಪಾಳೆಯಾಯಿತು. ಸಾಹೇಬರು ಆದೇಶದ ಲಕೋಟೆ ಹಿಡಿದು ಕ್ಯಾಮೆರಾದ ಕಡೆ ಮುಖ ಮಾಡಿ ನಿಂತಿದ್ದರು. ಅವಳು ಲಕೋಟೆಗೆ ಕೈ ಚಾಚಲಿಲ್ಲ. ತನ್ನ ಹಾಳೆ ಕೊಟ್ಟಳು. ಸಾಹೇಬರು ನಗುತ್ತಲೇ ಬಿಡಿಸಿದರು.

‘ಸದರಿ ದಿನ ಬೆಳಿಗ್ಗೆ ಹತ್ತು ಗಂಟೆಗೆ ಡಂಗುರ ಸಾರಿರುವುದಿಲ್ಲ’ ಎಂದು ಶುರುವಾಗಿತ್ತು. ಸದರಿ ಹೊತ್ತಿಗೆ ಗ್ರಾಮ ಸಹಾಯಕ ದೇವಿಂದ್ರ ಎಲ್ಲಿದ್ದ, ಯಾರ ಮನೆಯಲ್ಲಿದ್ದ, ಮೂರು ಗಂಟೆಗೆ ಎಲ್ಲಿ ಇಳಿದ, ಯಾರನ್ನು ದಡ ಹತ್ತಿಸಿದ ಎಂದೆಲ್ಲ ಇತ್ತು. ಸುಳ್ಳು ಪಂಚನಾಮೆ ಬರೆದವಳು ನಾನು ಎಂದಿತ್ತು. ಅನಾಹುತ ಸಂಭವಿಸಿರುತ್ತದೆ ಎಂದು ಮುಗಿದಿತ್ತು.

‘ಏನಮ್ಮಾ ಇದು?’ ಎಂದರು ಸಾಹೇಬರು. ಮೆಲ್ಲಗೆ.

‘ಪಂಚನಾಮೆ ಸಾಹೇಬ್ರ. ಈ ಸಲ ಖರೇದು ಬರದೀನಿ. ಹತ್ತು ಘಂಟೆಕ್ಕ ನನ್ನ ಗಂಡ ನಿಮ್ಮ ಟಾಕಿಯೊಳಗ ಇದ್ದ.’

ಮೈಕು ಹತ್ತಿರವೇ ಇತ್ತು. ಮಾತು ಮಂಟಪಕ್ಕೆಲ್ಲ ಕೇಳಿಸಿತು. ಅರ್ಥವಾದವರು ಸುಮ್ಮನಾದರು. ಅರ್ಥವಾಗದವರು ಚಪ್ಪಾಳೆ ತಟ್ಟಿದರು. ಫೋಟೊದವನು ಎರಡು ಸಲ ಕ್ಲಿಕ್ ಮಾಡಿದ. ಸಾಹೇಬರು ಹಾಳೆ ಮಡಿಚಿ ಜೇಬಿಗಿಟ್ಟುಕೊಂಡರು. ಲಕೋಟೆಯನ್ನೂ ಇಟ್ಟುಕೊಂಡರು. ಮೈಕಿನವನು ಮುಂದಿನ ಹೆಸರು ಕರೆದ.

ಹೊರಗೆ ಮೆಟ್ಟಿಲ ಮೇಲೆ ಮಹೇಶಕುಮಾರ ಅವಳನ್ನು ಅಡ್ಡಗಟ್ಟಿದ.

‘ತಲಿ ಕೆಟ್ಟದೇನು ನಿನಗ? ಸುಳ್ಳ ಬರದೀನಿ ಅಂತ ನೀನೇ ಬರದ ಕೊಟ್ಟಿ. ಇನ್ನ ಯಾವ ಪರೀಕ್ಷಾ ಪಾಸಾದ್ರೂ ಪೊಲೀಸ ತಪಾಸಣಿಯಾಗ ನಿಲ್ಲಸ್ತಾರ. ಬಾಳ್ವೆ ಹಾಳ ಮಾಡಿಕೊಂಡಿ.’

‘ಆ ಸುಳ್ಳ ಪಂಚನಾಮೆ ಕೆಳಗ ನಿಂದೂ ಸಹಿ ಅದ ಮಹೇಶ’ ಎಂದಳು.

ನಾಲ್ಕು ವರ್ಷದ ನಂತರ ಅವನನ್ನು ಹೆಸರು ಹಿಡಿದು ಕರೆದಿದ್ದಳು. ಅದರಿಂದ ಏನೂ ಆಗಲಿಲ್ಲ.

ಹದಿನೈದು ದಿನಕ್ಕೆ ನೋಟಿಸು ಬಂತು. ಸುಳ್ಳು ದಾಖಲೆ ಸೃಷ್ಟಿಸಿದ ಆರೋಪ. ಒಬ್ಬಳದೇ ಹೆಸರು. ಪಂಚರು ಓದು ಬಾರದವರು, ಅಧಿಕಾರಿ ಅವಳನ್ನು ನಂಬಿ ಸಹಿ ಮಾಡಿದವರು ಎಂದಿತ್ತು. ಊರಿಗೆ ವಾಲೀಕಾರ ಇಲ್ಲದ್ದರಿಂದ ನೋಟಿಸು ಮುಟ್ಟಿಸುವ ಕೆಲಸಕ್ಕೆ ಮತ್ತೆ ಹುಲಗಪ್ಪನನ್ನೇ ಹಿಡಿದಿದ್ದರು. ಮುದುಕ ಕಚೇರಿಯಿಂದ ಕಾಗದ ತಂದು ಸೊಸೆಯ ಕೈಗೆ ಕೊಟ್ಟ. ಮುಟ್ಟಿದ್ದಕ್ಕೆ ಸಹಿ ಬೇಕವಾ ಎಂದ. ಹಾಕಿ ಕೊಟ್ಟಳು. ತಿಮ್ಮವ್ವ ಅವಳೊಂದಿಗೆ ಮಾತು ಬಿಟ್ಟಿದ್ದಳು. ಊಟಕ್ಕೆ ಮಾತ್ರ ಕರೆಯುತ್ತಿದ್ದಳು.

ಅದಾದ ಮೇಲೆ ಒಂದು ಮಧ್ಯಾಹ್ನ ಹುಲಗಪ್ಪ ಒಂದು ಹಾಳೆ ಹಿಡಿದು ಬಂದು ಅವಳ ಮುಂದೆ ಕುಳಿತ. ಗ್ರಾಮ ಸಹಾಯಕನ ಜಾಗ ಖಾಲಿ ಇದೆ, ಹತ್ತನೇ ತರಗತಿ ಪಾಸಾದವರು ಅರ್ಜಿ ಹಾಕಬೇಕು ಎಂದು ಊರಲ್ಲಿ ಡಂಗುರ ಸಾರಬೇಕಿತ್ತು. ಅವನ ಮಗನ ಜಾಗ.

‘ಡಂಗುರ ಹೊಡದದ್ದಾತು ಅಂತ ಬರಸ್ಕೊಂಡು ಬಾ ಅಂದಾರ. ಹತ್ತು ಘಂಟೆ ಅಂತ ಹಾಕಬೇಕಂತ.’

‘ಹೊಡದ್ರೇನ್ರಿ ಮಾವಾ?’

‘ಇನ್ನಾ ಇಲ್ಲವಾ. ಮಳಿ ಹತ್ಯಾದ. ಹಲಗಿ ಸಡ್ಲ ಬಿದ್ದದ.’

‘ಹೊಡದು ಬರ್ರಿ. ಆಮ್ಯಾಲ ಬರೀತೀನಿ.’

ಮುದುಕ ಅವಳ ಮುಖ ನೋಡಿದ. ಸಾಕಾಗಿದೆ ಬರೆದುಬಿಡು, ಇವತ್ತು ಯಾರು ಕೇಳುತ್ತಾರೆ ಎಂದ. ಅವಳು ಎದ್ದಳು. ಗೂಟದಿಂದ ಹಲಗೆ ಇಳಿಸಿದಳು. ಒಂಬತ್ತು ತಿಂಗಳಿಗೂ ಮೇಲಾಗಿತ್ತು ಅದನ್ನು ಯಾರೂ ಮುಟ್ಟದೆ. ಚರ್ಮದಲ್ಲಿ ಹೊಳೆಯ ಕೆಸರಿನ ವಾಸನೆ ಇನ್ನೂ ಇತ್ತು. ಒಲೆಯ ಮುಂದೆ ಜೋಳದ ಒಣ ಎಲೆಯ ರವದಿ ಉರಿ ಮಾಡಿ, ಹಲಗೆಯನ್ನು ದೂರ ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸಿದಳು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಬಂದದ್ದು ಹೊಗೆಗೇ. ಬೆರಳಿನಿಂದ ಬಡಿದು ನೋಡಿದಳು. ಗಟ್ಟಿ ಸದ್ದು ಬರುವತನಕ ಬಿಡಲಿಲ್ಲ. ಮೇಲೊಂದು ಪ್ಲಾಸ್ಟಿಕ್ ಹೊದಿಸಿ ಮಾವನ ಹೆಗಲಿಗೆ ಹಾಕಿದಳು.

ಸದ್ದು ಕೇರಿಯಿಂದ ಶುರುವಾಗಿ ಊರ ಅಗಸಿ ಬಾಗಿಲಿಗೆ ಹೋಯಿತು. ವಾಡೆಯ ಹತ್ತಿರ ನಿಂತಿತು. ಆ ಕಡೆ ಮತ್ತೆ ಶುರುವಾಯಿತು. ಹೊಳೆಯ ದಾರಿಯ ತನಕ ಹೋಗಿ ಅಡಗಿತು. ಪಕ್ಕದ ಮನೆಯ ಶಿವಾನಿ ಮಳೆಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು. ಈ ವರ್ಷ ಬಿ.ಎ. ಮುಗಿಸಿದ ಹುಡುಗಿ.

‘ಯಕ್ಕಾ, ಡಿಗ್ರಿ ಆದವ್ರು ಹಾಕಬಹುದೇನು?’

‘ಹಾಕಬಹುದು’ ಎಂದಳು.

ಹುಲಗಪ್ಪ ನೆನೆದು ಬಂದು ಹಲಗೆಯನ್ನು ಗೂಟಕ್ಕೆ ಹಾಕಿದ. ಅವಳು ಹಾಳೆ ತೆರೆದಳು. ಕೆಳಗೆ ಐದು ಸಹಿ ಮೊದಲೇ ಇದ್ದವು. ಮೊದಲನೆಯದು ಸೂಗಪ್ಪನದು. ಈ ಕಾಗದ ಮಹೇಶಕುಮಾರನ ಕೈಗೆ ಹೋಗುತ್ತದೆ. ಈಗ ಅವನು ಓದುತ್ತಾನೆ. ಹರಿದು ಹಾಕಿ ಬೇರೆಯವರಿಂದ ಬರೆಸುತ್ತಾನೆ. ಅವಳಿಗೆ ಗೊತ್ತಿತ್ತು. ಗಡಿಯಾರ ನೋಡಿದಳು. ಐದು ಸಹಿಯ ಮೇಲೆ, ದುಂಡಗೆ, ಬರೆದಳು:

‘ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಡಂಗುರ ಸಾರಲಾಯಿತು.’

ಅದಕ್ಕೆ ಒಂದು ಮಾತೂ ಹೆಚ್ಚು ಸೇರಿಸಲಿಲ್ಲ.